ಬರದ ವರ್ಷದಲ್ಲಿ ನಿರೀಕ್ಷೆ

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ೧೩ ನೆಯ ಅಧ್ಯಾಯವನ್ನು ನಮ್ಮ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳಲ್ಲಿ ಬಾಯಿಪಾಠ ಮಾಡದವರು ವಿರಳ. ಅದರ ಕಡೆಗೆ ಬರುವ ಮೂರು ಮಾತುಗಳಲ್ಲಿ ನಂಬಿಕೆಯ ವಿಷಯವಾಗಿ ಉಪದೇಶಗಳು ಬೇಕಾದಷ್ಟು ಆಗುತ್ತವೆ. ಪ್ರೀತಿಯ ವಿಷಯವಾಗಿ ಮದುವೆಯ ಆರಾಧನೆಗಳಲ್ಲಿ ತಪ್ಪದೆ ಕೇಳುತ್ತೇವೆ. ನಡುವೆ ನಿಂತಿರುವ ನಿರೀಕ್ಷೆಯೆಂಬ ಮಾತನ್ನು ಮಾತ್ರ ಹೊಳೆಯಲ್ಲಿಯ ಕಲ್ಲಿನಂತೆ ಕಾಲಿಟ್ಟು ದಾಟಿಹೋಗುವುದೇ ವಾಡಿಕೆಯಾಗಿದೆ. ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತಾಗ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಈ ನಡುವಿನ ಮಾತನ್ನೇ ಇಡುವುದು ಲೇಸೆಂದು ನಮಗೆ ತೋರಿತು. ಏಕೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸುತ್ತಲಿನ ಮನೆಗಳಲ್ಲಿ ಈಚೆಗೆ ಕಡಿಮೆಯಾಗುತ್ತಿರುವ ವಸ್ತುವು ನಂಬಿಕೆಯಲ್ಲ, ಪ್ರೀತಿಯೂ ಅಲ್ಲ.

ನಿರೀಕ್ಷೆ ಎಂಬ ಮಾತಿನ ಅರ್ಥವನ್ನು ಮೊದಲು ವಿಚಾರಿಸೋಣ. ಈಕ್ಷಿಸುವುದೆಂದರೆ ನೋಡುವುದು, ನಿರೀಕ್ಷಿಸುವುದೆಂದರೆ ಕಣ್ಣಿಟ್ಟು ದಾರಿ ಕಾಯುವುದು. ಪರಸ್ಥಳದಿಂದ ಬರಬೇಕಾದ ಮಗಳಿಗಾಗಿ ತಾಯಿಯು ಸಂಜೆ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ಆದರೆ ನಿಲ್ಲುವುದಕ್ಕಿಂತ ಮುಂಚೆ ಒಲೆಯ ಮೇಲೆ ಅಡಿಗೆಯನ್ನೂ ಇಟ್ಟಿರುತ್ತಾಳೆ. ಬರುವಳೆಂದು ತಿಳಿದಿರುವದರಿಂದಲೇ ಇಬ್ಬರಿಗಾಗಿ ರೊಟ್ಟಿ ಬಡಿದಿರುತ್ತಾಳೆ. ಈ ಕಾಲದಲ್ಲಿ ಎಲ್ಲರ ಬಾಯಲ್ಲಿರುವ ಆಶಾವಾದವೆಂಬುದು ಇದಲ್ಲ. ಆಶಾವಾದವು ಮೋಡವನ್ನು ನೋಡಿ ಮಳೆ ಬಂದೀತೆಂದು ಹೇಳುತ್ತದೆ. ಮೋಡ ಚದರಿದರೆ ಅದರ ಮಾತೂ ಚದರುತ್ತದೆ. ಅದು ಒಂದು ಬಗೆಯ ಲೆಕ್ಕಾಚಾರ. ಲೆಕ್ಕವು ಕೂಡಿಬಂದಾಗ ಅದು ಮನಸ್ಸಿಗೆ ಹಿತವಾಗಿಯೇ ಇರುತ್ತದೆ, ಅದನ್ನು ಹಳಿಯಲು ಕಾರಣವಿಲ್ಲ. ಲೆಕ್ಕ ತಪ್ಪಿದ ದಿನ ಅದರಿಂದ ಏನು ಪ್ರಯೋಜನ ಎಂಬುದೇ ಪ್ರಶ್ನೆ.

ಲೆಕ್ಕ ತಪ್ಪುವ ದಿನಗಳು ನಮ್ಮ ಸೀಮೆಗೆ ಹೊಸವಲ್ಲ. ಒಂದೇ ರೈಲುದಾರಿಯ ಮೇಲಿರುವ ಈ ಮೂರು ಊರುಗಳ ಜನರು ಹೆಚ್ಚಾಗಿ ಆಕಾಶವನ್ನು ನಂಬಿ ಬಾಳುವವರು. ವರದೆ, ಕುಮುದ್ವತಿ, ತುಂಗಭದ್ರೆಗಳು ಹತ್ತಿರವೇ ಹರಿದರೂ ಎಷ್ಟೋ ಹೊಲಗಳಿಗೆ ಅವುಗಳ ನೀರು ಏರುವುದಿಲ್ಲ. ಹೊಳೆಯ ದಂಡೆಯವರಿಗಾದರೂ ನೆಮ್ಮದಿಯುಂಟೋ ಎಂದರೆ ೨೦೧೯ ರ ಆಗಸ್ಟದಲ್ಲಿ ಅದೇ ನೀರು ಹೊಲಮನೆಗಳಿಗೆ ನುಗ್ಗಿತು. ೨೦೨೩ ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳೊಡನೆ ನಮ್ಮವೂ ಬರಪೀಡಿತವೆಂದು ಸಾರಲ್ಪಟ್ಟವು. ೨೦೦೮ ರ ಜೂನ್ ೧೦ ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ನೆರೆದ ರೈತರ ಮೇಲೆ ಗುಂಡು ಹಾರಿ ಇಬ್ಬರು ಪ್ರಾಣ ಕಳೆದುಕೊಂಡದ್ದನ್ನು ನಮ್ಮಲ್ಲಿ ಮರೆತವರಿಲ್ಲ. ಗೊಬ್ಬರ ಸಿಕ್ಕು, ಮಳೆ ಬಂದು, ಬೆಳೆಯೂ ಬಂದರೆ ಪೇಟೆಯ ದರದ ಚಿಂತೆ. ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರ ಕೆಂಬಣ್ಣಕ್ಕೆ ದೂರದೂರದ ದೇಶಗಳಲ್ಲಿ ಬೇಡಿಕೆಯುಂಟು. ಆದರೂ ೨೦೨೪ ರ ಮಾರ್ಚ ೧೧, ಸೋಮವಾರದ ಪೇಟೆಯ ದಿನ ದರವು ಒಮ್ಮೆಲೆ ಕುಸಿದುದರಿಂದ ಸಿಟ್ಟಿಗೆದ್ದ ಜನರು ಮಾರುಕಟ್ಟೆಯ ಸಮಿತಿಯ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದು ಸರಿಯೆಂದು ನಾವು ಹೇಳಲಾರೆವು. ಆದರೆ ಸಸಿ ಹಚ್ಚಿ, ಕಳೆ ತೆಗೆದು, ಕಾಯಿ ಬಿಡಿಸಿ, ಕಣದಲ್ಲಿ ಒಣಗಿಸಿ ಚೀಲ ತುಂಬಿ ತಂದವನ ಎದೆಯಲ್ಲಿ ಅದಕ್ಕಿಂತ ಮುಂಚೆಯೇ ಹೊತ್ತಿದ ಬೆಂಕಿಯನ್ನು ಯಾರು ಕಂಡರು?

ಇದಕ್ಕಿಂತ ಮೆಲ್ಲಗೆ ಆಡಬೇಕಾದ ಮಾತೊಂದುಂಟು. ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಾಗಿ ನಡೆದ ಜಿಲ್ಲೆಗಳನ್ನು ಹೇಳುವಾಗ ಹಾವೇರಿಯ ಹೆಸರು ಮೇಲಿಂದ ಮೇಲೆ ಬರುತ್ತದೆ. ಅಂಥ ಮನೆಗಳ ಹುಡುಗಿಯರು ನಮ್ಮ ವರ್ಗಗಳಲ್ಲಿ ಕುಳಿತಿರುತ್ತಾರೆ. ಅವರ ಎದುರಿಗೆ ನಿಂತು ನಿರೀಕ್ಷೆಯನ್ನು ಕುರಿತು ಮಾತಾಡುವವರು ತಮ್ಮ ನಾಲಿಗೆಯ ಮೇಲೆ ಹಿಡಿತವಿಟ್ಟುಕೊಳ್ಳಬೇಕು.

ಹೀಗಿರಲಾಗಿ, ಸಂತೈಸುವ ನೆವದಿಂದ ಈಗ ನಡೆಯುತ್ತಿರುವ ಒಂದು ಉಪದೇಶದ ರೀತಿಯನ್ನು ನಾವು ಸ್ಪಷ್ಟವಾಗಿ ಆಕ್ಷೇಪಿಸುತ್ತೇವೆ. ವಿಶ್ವಾಸವು ಬಲವಾಗಿದ್ದರೆ ಸಾಲ ತೀರುವುದು, ರೋಗ ವಾಸಿಯಾಗುವುದು, ಮಗಳು ಪರೀಕ್ಷೆಯಲ್ಲಿ ಮೊದಲಿಗಳಾಗುವಳು, ಕಾಯಿಗೆ ದರ ಬರುವುದು ಎಂದು ಹೇಳುವ ಬೋಧಕರು ಹೆಚ್ಚುತ್ತಿದ್ದಾರೆ. ಕೈಯಲ್ಲಿಯ ಮೊಬೈಲಿನಲ್ಲಿ ಅವರ ಮಾತು ಹಗಲೂ ರಾತ್ರಿಯೂ ಕೇಳುತ್ತದೆ. ಒಂದು ಕೂಟದಲ್ಲಿ ಗಂಡನನ್ನು ಕಳೆದುಕೊಂಡು ವರ್ಷವೂ ತುಂಬದ ಹೆಣ್ಣುಮಗಳೊಬ್ಬಳಿಗೆ, ನಿನ್ನ ಪ್ರಾರ್ಥನೆಯಲ್ಲಿ ಎಲ್ಲಿಯೋ ಕೊರತೆಯಿತ್ತೆಂದು ಬೋಧಕರೊಬ್ಬರು ಹೇಳಿದ್ದನ್ನು ನಾವು ಕಿವಿಯಾರೆ ಕೇಳಿದೆವು. ಆಕೆಯು ತಲೆಬಾಗಿಸಿಕೊಂಡು ಕುಳಿತಳು. ಇದು ಸುವಾರ್ತೆಯಲ್ಲ, ಬರೀ ವ್ಯಾಪಾರ. ದೇವರನ್ನು ಅಡತಿ ಅಂಗಡಿಯ ಸಾಹುಕಾರನನ್ನಾಗಿ ಮಾಡಿ, ಪ್ರಾರ್ಥನೆಯನ್ನು ಚೀಲದಂತೆ ತೂಕಕ್ಕೆ ಹಾಕುವ ಈ ವಿಚಾರವು ಬೆಳೆ ಬಂದ ವರ್ಷದಲ್ಲಿ ಮನುಷ್ಯನನ್ನು ಸೊಕ್ಕಿಸುತ್ತದೆ, ಬಾರದ ವರ್ಷದಲ್ಲಿ ಕೊಲ್ಲುತ್ತದೆ.

ಸತ್ಯವೇದವು ಹೀಗೆ ಹೇಳುವುದಿಲ್ಲ. ಅದರಲ್ಲಿರುವ ೧೫೦ ಕೀರ್ತನೆಗಳನ್ನು ಒಮ್ಮೆ ತೆರೆದು ನೋಡಿರಿ: ಸ್ತುತಿಯಷ್ಟೇ ಅಳುವೂ ಅಲ್ಲಿದೆ. ಎಷ್ಟು ದಿನ, ಏಕೆ, ಎಲ್ಲಿರುವೆ ಎಂದು ಭಕ್ತನು ದೇವರ ಕೂಡ ವಾದಕ್ಕೆ ನಿಲ್ಲುತ್ತಾನೆ. ಆ ವಾದವನ್ನು ಯಾರೂ ಅಳಿಸಿಹಾಕಲಿಲ್ಲ, ಪ್ರಾರ್ಥನೆಯ ಪುಸ್ತಕದಲ್ಲಿಯೇ ಉಳಿಸಿಕೊಂಡರು. ಕರ್ತನು ತಾನೇ ಲಾಜರನ ಸಮಾಧಿಯ ಬಳಿಯಲ್ಲಿ ಕಣ್ಣೀರು ಸುರಿಸಿದನು. ಅವನನ್ನು ಎಬ್ಬಿಸುವೆನೆಂದು ಅರಿತಿದ್ದೂ ಅತ್ತನು. ಗೆತ್ಸೇಮನೆಯ ತೋಟದಲ್ಲಿ ಆತನ ಪ್ರಾರ್ಥನೆಯು ಬೇಡಿದಂತೆ ನೆರವೇರಲಿಲ್ಲ. ಆದಕಾರಣ ಅಳುವವಳಿಗೆ ವಿಶ್ವಾಸವಿಲ್ಲವೆಂದು ಹೇಳುವವರು ತಮ್ಮ ಸತ್ಯವೇದವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ನಮ್ಮ ತಿಳುವಳಿಕೆಯಲ್ಲಿ ಅಳುವುದು ನಿರೀಕ್ಷೆಯುಳ್ಳವರ ಲಕ್ಷಣವೇ ಸರಿ. ಕೇಳುವವನೊಬ್ಬನು ಇದ್ದಾನೆಂದು ತಿಳಿದವರೇ ಮೊರೆಯಿಡುತ್ತಾರೆ. ಯಾರೂ ಇಲ್ಲವೆಂದು ತೀರ್ಮಾನಿಸಿದವರು ಬಾಯಿ ಕಟ್ಟಿಕೊಂಡು ಮೂಲೆ ಸೇರುತ್ತಾರೆ. ಮನೆಯಲ್ಲಿ ಮಾತಾಡದೆ ಕುಳಿತವರ ಬಗ್ಗೆಯೇ ನಾವು ಹೆಚ್ಚು ಎಚ್ಚರದಿಂದ ಇರತಕ್ಕದ್ದು. ಅವರನ್ನು ಒಂಟಿಯಾಗಿ ಬಿಡದೆ, ಮಗ್ಗುಲಲ್ಲಿ ಕುಳಿತು, ನೆರೆಯವರನ್ನೂ ವೈದ್ಯರನ್ನೂ ಕರೆಯತಕ್ಕದ್ದು.

ಆಶಾವಾದಕ್ಕೂ ನಿರೀಕ್ಷೆಗೂ ಇರುವ ಅಂತರವನ್ನು ತಿಳಿಯಲು ನಮ್ಮ ಉತ್ತರ ಕರ್ನಾಟಕದ ಸಭೆಯ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವಿದೆ. ಬಾಸೆಲ್ ಮಿಶನ್ನಿನವರು ೧೮೩೪ ರಲ್ಲಿ ಮಂಗಳೂರಿಗೆ ಬಂದು, ೧೮೩೭ ರಲ್ಲಿ ಧಾರವಾಡವನ್ನೂ ೧೮೩೯ ರಲ್ಲಿ ಹುಬ್ಬಳ್ಳಿಯನ್ನೂ ಸೇರಿದರು. ಈ ಸೀಮೆಯ ಹಳ್ಳಿಗಳಲ್ಲಿ ಕಾಲಜ್ಞಾನದ ಮಾತುಗಳನ್ನು ನಂಬಿ ಒಬ್ಬ ರಕ್ಷಕನ ಬರವನ್ನು ಕಾಯುತ್ತಿದ್ದ ಜನರು ಅವರಿಗೆ ಎದುರಾದರು. ಇನ್ನೇನು ಸಾವಿರಾರು ಮಂದಿ ಸಭೆಗೆ ಬಂದುಬಿಡುವರೆಂದು ಮಿಶನರಿಗಳು ಎಣಿಸಿದರು. ಹಾಗೆ ಬಂದವರು ನೆಲೆಯೂರಿ ಒಕ್ಕಲುತನ ಮಾಡಲೆಂದು ೧೮೪೧ ರಲ್ಲಿ ಗದಗದ ಹತ್ತಿರ ಮಲಸಮುದ್ರದಲ್ಲಿ ಒಂದು ನೆಲೆಯನ್ನೇ ಹೂಡಿದರು. ಸಾವಿರಾರು ಮಂದಿ ಬರಲಿಲ್ಲ. ಬಂದ ಕೆಲವರಲ್ಲಿಯೂ ಹಲವರು ಉಳಿಯಲಿಲ್ಲ. ಕಡೆಗೆ ಆ ನೆಲೆಯನ್ನು ಕೈಬಿಡಬೇಕಾಯಿತು. ಎಣಿಕೆಯ ಮೇಲೆ ಕಟ್ಟಿದ್ದು ಎಣಿಕೆಯೊಡನೆ ಬಿತ್ತು.

ಆದರೆ ಅದೇ ೧೮೪೧ ರಲ್ಲಿ ಅದೇ ಮಿಶನ್ನಿನವರು ಪಕ್ಕದ ಬೆಟಗೇರಿಯಲ್ಲಿಯೂ ನೆಲೆ ಮಾಡಿದ್ದರು. ಅಲ್ಲಿ ದೊಡ್ಡ ಎಣಿಕೆಯೇನೂ ಇರಲಿಲ್ಲ. ಮಕ್ಕಳನ್ನು ಕೂಡಿಸಿ ಅಕ್ಷರ ಹೇಳುವುದು, ರೋಗಿಗಳನ್ನು ನೋಡುವುದು, ಸಂತೆಯಲ್ಲಿ ನಿಂತು ನಾಲ್ವರಿಗೆ ಮಾತು ಹೇಳುವುದು, ಇಷ್ಟೇ. ಮಲಸಮುದ್ರವು ಮುರಿದುಬಿದ್ದ ಮೇಲೆಯೂ ಈ ಸಣ್ಣ ಕೆಲಸಗಳು ನಿಲ್ಲಲಿಲ್ಲ, ಬೆಟಗೇರಿಯ ಆಸ್ಪತ್ರೆಯ ಹೆಸರನ್ನು ನಮ್ಮ ಅಜ್ಜಿಯಂದಿರೆಲ್ಲ ಬಲ್ಲರು. ೧೮೫೩ ರಲ್ಲಿ ೨೧ ವರ್ಷದ ತರುಣರಾಗಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರ ಮಾತೂ ಹೀಗೆಯೇ. ಅವರು ಇಷ್ಟು ಜನರನ್ನು ಸಭೆಗೆ ತಂದರೆಂದು ಯಾರೂ ಲೆಕ್ಕ ಹೇಳುವುದಿಲ್ಲ. ಸುಮಾರು ೭೦,೦೦೦ ಶಬ್ದಗಳ ಕನ್ನಡ ಇಂಗ್ಲಿಷ್ ನಿಘಂಟು ೧೮೯೪ ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬೀಳುವ ತನಕ ಅವರು ಒಂದೊಂದೇ ಶಬ್ದವನ್ನು ಆರಿಸುತ್ತ ಕುಳಿತರು. ಈ ಕೆಲಸಕ್ಕೆ ಆಶಾವಾದವು ಸಾಲದು. ಮೊದಲನೆಯ ಸಾವಿರ ಶಬ್ದಗಳಿಗೇ ಅದು ಬೇಸತ್ತು ಎದ್ದುಹೋಗುತ್ತಿತ್ತು.

೧೯೧೪ ರ ಮಹಾಯುದ್ಧವು ಬಂದಾಗ ಜರ್ಮನ್ ಮಿಶನರಿಗಳು ಬಂಧಿತರಾಗಿ ದೇಶ ಬಿಡಬೇಕಾಯಿತು. ಹೆಂಚಿನ ಕಾರಖಾನೆಗಳೂ ನೇಯಿಗೆಯ ಕಾರಖಾನೆಗಳೂ ಮಿಶನ್ನಿನ ಕೈತಪ್ಪಿ ಹೋದವು. ಆಗ ಶಾಲೆಗಳನ್ನು ನಡೆಸಿದವರು ಈ ನೆಲದ ಮಾಸ್ತರರೂ ಬಾಯಿಯವರೂ. ಅವರ ಹೆಸರುಗಳು ಯಾವ ನಿಘಂಟಿನ ಮೇಲೆಯೂ ಅಚ್ಚಾಗಿಲ್ಲವೆಂದು ನಮಗೆ ಆಗಾಗ ವ್ಯಥೆಯಾಗುತ್ತದೆ.

ಇನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ನಾವು ಮುಖ್ಯವಾಗಿ ನೆನೆಯಬೇಕಾದವರು ಪಂಡಿತಾ ರಮಾಬಾಯಿಯವರು. ಅವರನ್ನು ಮಹಾರಾಷ್ಟ್ರದವರೆಂದು ಬಿಟ್ಟುಕೊಡುವುದು ನಮ್ಮ ವಾಡಿಕೆ. ಆದರೆ ಅವರು ೧೮೫೮ ರ ಏಪ್ರಿಲ್ ೨೩ ರಂದು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆಯೂ ಭದ್ರೆಯೂ ಹುಟ್ಟುವ ಬೆಟ್ಟವದು. ಅಂದರೆ ರಾಣೇಬೆನ್ನೂರು ತಾಲೂಕಿನ ಅಂಚನ್ನು ಸವರಿಕೊಂಡು ಹೋಗುವ ನೀರಿಗೂ ಆ ಕೂಸಿಗೂ ತವರು ಒಂದೇ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ತಮ್ಮವರ ವಿರೋಧವನ್ನು ಕಟ್ಟಿಕೊಂಡವರು. ತಾಯಿ ಲಕ್ಷ್ಮೀಬಾಯಿಯವರು ಮಗಳಿಗೆ ಕಲಿಸಿದರು. ೧೮೭೪ ರ ಸುಮಾರಿಗೆ ಬರದ ದಿನಗಳಲ್ಲಿ ಊರೂರು ಅಲೆಯುತ್ತಿದ್ದಾಗ ಹಸಿವಿನಿಂದ ಮೊದಲು ತಂದೆ, ಕೆಲವು ತಿಂಗಳೊಳಗೆ ತಾಯಿ, ಆ ಮೇಲೆ ಅಕ್ಕ ತೀರಿಕೊಂಡರು. ಉಳಿದ ಅಣ್ಣತಂಗಿ ಇಬ್ಬರೂ ಬರಿಗಾಲಿನಲ್ಲಿ ಸಾವಿರಾರು ಮೈಲು ನಡೆದು ೧೮೭೮ ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂಬ ಬಿರುದನ್ನಿತ್ತರು. ೧೮೮೦ ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಆದ ಮದುವೆಯು ೧೮೮೨ ರಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡುದರಿಂದ ಮುಗಿದುಹೋಯಿತು. ೨೪ ವರ್ಷ ತುಂಬುವುದರೊಳಗೆ ಕೈಯಲ್ಲೊಂದು ಹಸುಗೂಸಿನ ಹೊರತು ಆಕೆಗೆ ತನ್ನವರೆಂಬವರು ಯಾರೂ ಉಳಿಯಲಿಲ್ಲ.

ಮುಂದೆ ಆಕೆ ಇಂಗ್ಲೆಂಡಿಗೆ ಹೋಗಿ ೧೮೮೩ ರಲ್ಲಿ ದೀಕ್ಷಾಸ್ನಾನವನ್ನು ಪಡೆದರು. ೧೮೮೯ ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಇವನ್ನು ಶಾಲೆಯ ಪುಸ್ತಕಗಳಲ್ಲಿ ಓದಿದವರಿದ್ದಾರೆ. ನಾವು ನಿಂತು ನೋಡಬೇಕಾದದ್ದು ೧೮೯೬ ರ ಬರವನ್ನು. ಮಧ್ಯಪ್ರಾಂತದಲ್ಲಿ ಜನರು ಹಸಿವಿನಿಂದ ಸಾಯುತ್ತಿದ್ದಾರೆಂದು ಕೇಳಿದೊಡನೆ ರಮಾಬಾಯಿಯವರು ಅಲ್ಲಿಗೆ ಹೊರಟರು. ಆಕೆಯ ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ಆದರೆ ಹಸಿದ ಹುಡುಗಿ ಎಂದರೆ ಏನೆಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಮಾರು ೩೦೦ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದು ಪುಣೆಯ ಹತ್ತಿರದ ಕೇಡಗಾವದಲ್ಲಿ ಇಟ್ಟುಕೊಂಡರು. ಅದೇ ಮುಕ್ತಿ ಸದನವಾಯಿತು. ೧೯೦೦ ರ ಬರದಲ್ಲಿ ಮತ್ತೆ ಬಂದವರು ಕೂಡಿ ಅಲ್ಲಿಯ ಸಂಖ್ಯೆಯು ಸಾವಿರವನ್ನು ಮೀರಿತು. ಅಲ್ಲಿ ಬಾವಿ ತೋಡಿದರು, ತೋಟ ಮಾಡಿದರು, ಮಗ್ಗ ಹೂಡಿದರು, ಎಣ್ಣೆ ತೆಗೆದರು, ಅಚ್ಚಿನ ಮೊಳೆ ಜೋಡಿಸುವುದನ್ನು ಹುಡುಗಿಯರಿಗೆ ಕಲಿಸಿದರು. ಬರದ ಊರಲ್ಲಿ ಬದುಕಿ ಬಂದವರು ಮೊದಲು ಮಾಡುವ ಕೆಲಸವೆಂದರೆ ಬಾವಿ ತೋಡುವುದೇ ಎಂಬುದು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ರಮಾಬಾಯಿಯವರ ಮಗಳು ಮನೋರಮಾಬಾಯಿಯವರು ಕಲಬುರ್ಗಿಯಲ್ಲಿ ಆರಂಭವಾದ ಶಾಲೆಯ ಮುಖ್ಯಸ್ಥರಾಗಿ ನಮ್ಮ ನಾಡಿಗೂ ಸೇವೆ ಸಲ್ಲಿಸಿದರು. ಆಕೆ ೧೯೨೧ ರಲ್ಲಿ ತಾಯಿಗಿಂತ ಮುಂಚೆ ತೀರಿಹೋದರು. ಎಲ್ಲರನ್ನೂ ಕಳೆದುಕೊಂಡ ತಾಯಿಯು ಕಡೆಯದಾಗಿ ಇದ್ದ ಒಬ್ಬಳನ್ನೂ ಮಣ್ಣಿಗೆ ಕೊಟ್ಟು, ಮೂಲ ಭಾಷೆಗಳಿಂದ ತಾನು ಮರಾಠಿಗೆ ತರುತ್ತಿದ್ದ ಸತ್ಯವೇದದ ಕೆಲಸಕ್ಕೆ ಮರಳಿ ಕುಳಿತು, ಅದನ್ನು ಮುಗಿಸಿ, ೧೯೨೨ ರ ಏಪ್ರಿಲ್ ೫ ರಂದು ಕಣ್ಣುಮುಚ್ಚಿದರು. ಈ ಜೀವಿತವನ್ನು ಆಶಾವಾದವೆಂದು ಕರೆಯಲು ನಮಗೆ ಬಾಯಿ ಬಾರದು. ಅನುಭವದ ಲೆಕ್ಕದಲ್ಲಿ ಒಳ್ಳೆಯದಾದೀತೆಂದು ಎಣಿಸಲು ಆಕೆಗೆ ಒಂದೇ ಒಂದು ಕಾರಣವೂ ಇರಲಿಲ್ಲ. ಆದರೂ ಆಕೆಯು ದಿನಬೆಳಗಾದರೆ ಸಾವಿರ ಮಂದಿಗೆ ಅಡಿಗೆಯ ವ್ಯವಸ್ಥೆ ಮಾಡುತ್ತಿದ್ದರು.

ನಮ್ಮ ಒಕ್ಕಲುತನದ ಜನರಿಗೆ ಹೆಚ್ಚು ಸಮೀಪವಾಗುವ ಮತ್ತೊಂದು ಸಂಗತಿಯು ಯೆರೆಮೀಯನ ಗ್ರಂಥದ ೩೨ ನೆಯ ಅಧ್ಯಾಯದಲ್ಲಿದೆ. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣವು ಬೀಳುವುದೆಂದು ಹೇಳಿದ ತಪ್ಪಿಗಾಗಿ ಯೆರೆಮೀಯನು ಸೆರೆಯಲ್ಲಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ವೈರಿಯ ಕಾಲಡಿಗೆ ಹೋದ ಹೊಲವನ್ನು ಸೆರೆಯಲ್ಲಿರುವವನಿಗೆ ಮಾರುವುದು! ಹನಮೇಲನ ವ್ಯವಹಾರಜ್ಞಾನದ ವಿಷಯದಲ್ಲಿ ನಮಗೆ ಕೊಂಚ ಸಂಶಯವುಂಟು. ಆದರೆ ಯೆರೆಮೀಯನು ೧೭ ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಖರೇದಿ ಪತ್ರ ಬರೆಯಿಸುತ್ತಾನೆ, ಸಾಕ್ಷಿ ಹಾಕಿಸುತ್ತಾನೆ, ಮುದ್ರೆಯೊತ್ತಿದ್ದು ಒಂದು ಮುದ್ರೆಯಿಲ್ಲದ್ದು ಒಂದು ಹೀಗೆ ಎರಡೂ ಪ್ರತಿಗಳನ್ನು ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಮರುವರ್ಷ ಪಟ್ಟಣವು ಬಿದ್ದೇ ಬಿದ್ದಿತು. ಆ ಹೊಲದಲ್ಲಿ ಯೆರೆಮೀಯನು ಉತ್ತನೆಂದಾಗಲಿ ಬಿತ್ತನೆಂದಾಗಲಿ ಎಲ್ಲಿಯೂ ಬರೆದಿಲ್ಲ. ಪಟ್ಟಣ ಬೀಳುವುದೆಂದು ಸಾರಿದವನೂ ಅವನೇ, ಹೊಲ ಕೊಂಡವನೂ ಅವನೇ ಎಂಬುದನ್ನು ಮನಸ್ಸಿನಲ್ಲಿಡಬೇಕು. ಮುಂದಿನ ಕೇಡನ್ನು ಕಂಡೂ, ಅದರಾಚೆಗೆ ಈ ನೆಲದಲ್ಲಿ ಮನೆಗಳೂ ಹೊಲಗಳೂ ಮತ್ತೆ ಕೊಡುಕೊಳ್ಳುವಿಕೆಗೆ ಬರುವವೆಂದು ಅವನು ಹಣ ಎಣಿಸಿಕೊಟ್ಟನು.

ಈಗ ನಾವು ತಾಯಿತಂದೆಗಳಿಗೆ ಹೇಳಬೇಕಾದ ಮಾತಿಗೆ ಬರುತ್ತೇವೆ. ಬರದ ವರ್ಷದಲ್ಲಿ ಮನೆಯ ಖರ್ಚು ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಮಗಳ ಓದಿಗೆ. ಮಗನನ್ನು ಹೇಗಾದರೂ ಓದಿಸುತ್ತಾರೆ. ಮಗಳು ಹತ್ತಿ ಬಿಡಿಸಲಿಕ್ಕೋ ಮೆಣಸಿನಕಾಯಿಯ ತುಂಬು ತೆಗೆಯಲಿಕ್ಕೋ ಹೋಗುತ್ತಾಳೆ. ಒಂದು ಹಂಗಾಮು ಬಿಟ್ಟ ಶಾಲೆಯು ಹೆಚ್ಚಾಗಿ ಬಿಟ್ಟೇ ಹೋಗುತ್ತದೆ. ಹಲವೆಡೆ ಅದರ ಹಿಂದೆಯೇ ಮದುವೆಯ ಮಾತು ಹೊರಡುತ್ತದೆ. ೧೮ ತುಂಬದ ಹುಡುಗಿಯ ಮದುವೆಯು ಕಾನೂನಿಗೆ ವಿರುದ್ಧವೆಂಬುದು ತಿಳಿದಿದ್ದರೂ, ಒಂದು ಬಾಯಿ ಕಡಿಮೆಯಾದೀತೆಂಬ ಲೆಕ್ಕ. ಹೀಗೆ ಮಾಡುವವರು ಕ್ರೂರಿಗಳೆಂದು ನಾವು ಹೇಳುವುದಿಲ್ಲ. ಅವರು ಭಯಪಟ್ಟವರು. ಹೊಟ್ಟೆಗಿಲ್ಲದಾಗ ಶಾಲೆಯ ಮಾತೇನೆಂದು ನಮ್ಮನ್ನು ಅವರು ಕೇಳಬಹುದು, ಕೇಳುತ್ತಾರೆ ಕೂಡ. ನ್ಯಾಯವಾದ ಪ್ರಶ್ನೆಯೇ. ಆದರೆ ಬರಗಾಲದಲ್ಲಿ ಎಂಥ ಬಡ ಒಕ್ಕಲಿಗನೂ ಹಗೇವಿನಲ್ಲಿಯ ಬಿತ್ತನೆಯ ಕಾಳಿಗೆ ಕೈಹಚ್ಚಲು ಹಿಂದೆಮುಂದೆ ನೋಡುತ್ತಿದ್ದ ಕಾಲವೊಂದಿತ್ತು. ಬೀಜವನ್ನು ಉಂಡರೆ ಆ ದಿನವೇನೋ ಕಳೆಯುತ್ತದೆ, ಮುಂದಿನ ಮುಂಗಾರಿನಲ್ಲಿ ಕೂರಿಗೆಗೆ ಹಾಕಲು ಏನೂ ಉಳಿಯುವುದಿಲ್ಲ. ಮಗಳ ಓದು ಮನೆಯ ಬಿತ್ತನೆಯ ಕಾಳು. ಕಡೆಗೆ ಮುಟ್ಟಬೇಕಾದದ್ದನ್ನು ಮೊದಲು ಮುಟ್ಟಬಾರದೆಂಬುದಿಷ್ಟೇ ನಮ್ಮ ಬಿನ್ನಹ.

ದುಡಿಮೆಯ ಲೆಕ್ಕದಲ್ಲಿಯೇ ನೋಡಬೇಕೆನ್ನುವವರಿಗೂ ಉತ್ತರವಿದೆ. ಗೋವಿನಜೋಳದ ದರವು ವರ್ಷಕ್ಕೊಂದು ಬಗೆ. ಮೆಣಸಿನಕಾಯಿಯದು ವಾರಕ್ಕೊಂದು ಬಗೆ. ಶುಶ್ರೂಷಕಿಯಾಗಿಯೋ ಶಿಕ್ಷಕಿಯಾಗಿಯೋ ಸಂಬಳ ತರುವ ಮಗಳೊಬ್ಬಳು ಇರುವ ಮನೆಯು ಪೇಟೆಯ ದರ ಬಿದ್ದ ದಿನ ಅಷ್ಟು ಬೇಗ ಕುಸಿಯುವುದಿಲ್ಲವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳೇ ತೋರಿಸುತ್ತವೆ. ೨೦೨೩ ರ ಜೂನ್ ೧೧ ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚು ತಪ್ಪಿದುದರಿಂದ ಹಳ್ಳಿಯಿಂದ ಬರುವ ದಾರಿಯ ವೆಚ್ಚವೂ ಒಂದು ನೆವವಾಗಿ ಉಳಿದಿಲ್ಲ. ಆದರೆ ಸತ್ಯವನ್ನು ಹೇಳಬೇಕಾದರೆ, ಸಂಬಳದ ಆಸೆಯಿಂದ ಮಾತ್ರ ಓದಿಸಿರೆಂದು ಹೇಳಲು ನಮಗೆ ಮನಸ್ಸಿಲ್ಲ. ಓದಿದ ಹುಡುಗಿಗೆ ಕೆಲಸ ಸಿಕ್ಕದೆಯೂ ಹೋದೀತು. ಅನಾತೋತಿನ ಹೊಲದ ಬೆಳೆಯನ್ನು ಕೊಂಡವನೇ ಉಣ್ಣಲಿಲ್ಲ. ಮಗಳು ದೇವರು ಕೊಟ್ಟ ಜೀವ, ಆಕೆಯ ಬುದ್ಧಿಯನ್ನು ಬರಕ್ಕೆ ಬಲಿಕೊಡಲು ನಮಗೆ ಅಧಿಕಾರವಿಲ್ಲ ಎಂಬುದೇ ಸಾಕಾದ ಕಾರಣವೆಂದು ನಾವು ತಿಳಿಯುತ್ತೇವೆ.

ಕ್ರೈಸ್ತರಲ್ಲದ ತಾಯಿತಂದೆಗಳು ಇದನ್ನು ಓದುವಾಗ ಇದೆಲ್ಲ ತಮ್ಮ ಮಾತಲ್ಲವೆಂದು ತಿಳಿಯಬಾರದು. ನಾವು ನಮ್ಮ ನಿರೀಕ್ಷೆಯ ಬೇರನ್ನು ಕ್ರಿಸ್ತನ ಪುನರುತ್ಥಾನದಲ್ಲಿ ಕಾಣುತ್ತೇವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾಣದ್ದಕ್ಕಾಗಿ ದುಡಿಯುವ ಗುಣವು ನಮ್ಮೊಬ್ಬರ ಸ್ವತ್ತೆಂದು ಹೇಳಿದರೆ ಈ ನೆಲವೇ ಎದ್ದು ಸಾಕ್ಷಿ ನುಡಿದೀತು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವರು ೧೯೩೦ ರಲ್ಲಿ ಹತ್ತೊಂಬತ್ತು ತುಂಬದ ಪ್ರಾಯದಲ್ಲಿ ಗಾಂಧಿಯವರೊಡನೆ ದಂಡಿಗೆ ನಡೆದರು. ೧೯೪೩ ರ ಏಪ್ರಿಲ್ ೧ ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಸ್ವಾತಂತ್ರ್ಯವು ಬಂದದ್ದು ನಾಲ್ಕು ವರ್ಷಗಳ ಮೇಲೆ. ಅವರ ಪತ್ನಿ ಸಿದ್ದಮ್ಮನವರೂ ಅದೇ ಹೋರಾಟದಲ್ಲಿ ಸೆರೆಮನೆ ಕಂಡವರು. ನಮ್ಮ ಹುಡುಗಿಯರು ಯೆರೆಮೀಯನ ಜೊತೆಗೆ ಇವರನ್ನೂ ಕಲಿಯಲಿ.

ಹಳೆಯ ವಿದ್ಯಾರ್ಥಿನಿಯರೇ, ನಿಮಗೆ ನಮ್ಮದೊಂದು ನೇರವಾದ ವಿನಂತಿಯಿದೆ. ವಾರ್ಷಿಕ ಕೂಟಕ್ಕೆ ಬಂದಾಗ ನೀವು ಶಾಲೆಗೆ ಗೋಡೆಗಡಿಯಾರ, ಕುರ್ಚಿ, ಫಲಕ ಮೊದಲಾದವುಗಳನ್ನು ಪ್ರೀತಿಯಿಂದ ಕೊಡುತ್ತೀರಿ. ಅವು ಸಾಕಷ್ಟು ಆಗಿವೆ, ಗಡಿಯಾರಗಳಂತೂ ಒಂದಕ್ಕೊಂದು ಸರಿಹೋಗದಷ್ಟು ಆಗಿವೆ. ಅದರ ಬದಲು ನಿಮ್ಮ ನಿಮ್ಮ ಊರಿನಲ್ಲಿ ಶಾಲೆ ಬಿಡುವ ಅಂಚಿನಲ್ಲಿರುವ ಹುಡುಗಿ ಯಾರೆಂಬುದನ್ನು ತಿಳಿದುಕೊಂಡು ನಮಗೆ ತಿಳಿಸಿರಿ. ಆಕೆಯ ತಾಯಿಯ ಬಳಿಗೆ ನೀವೇ ಹೋಗಿ ಕುಳಿತುಕೊಳ್ಳಿರಿ. ನಾವು ಹೋದರೆ ಬಾಯಿಯವರು ಬಂದರೆಂದು ಚಾಪೆ ಹಾಸಿ ಚಹಾ ಕೊಟ್ಟು ಎಲ್ಲಕ್ಕೂ ಹೂಂ ಎನ್ನುತ್ತಾರೆ, ಮರುದಿನ ಹುಡುಗಿ ಬರುವುದಿಲ್ಲ. ಅದೇ ಊರಿನ ಸೊಸೆಯಾಗಿ ನೀವು ಹೋದರೆ ಸಾಲವೆಷ್ಟು, ಗಂಡನ ಮನಸ್ಸು ಹೇಗಿದೆ, ಎಲ್ಲವನ್ನೂ ಬಿಚ್ಚಿ ಹೇಳುತ್ತಾರೆ. ಪರೀಕ್ಷೆಯ ಶುಲ್ಕ, ಎರಡು ಜೊತೆ ಬಟ್ಟೆ, ಚೀಲ, ಇಷ್ಟನ್ನು ನಾಲ್ಕು ಜನ ಗೆಳತಿಯರು ಕೂಡಿಕೊಂಡರೆ ಒಬ್ಬಳಿಗೆ ಒದಗಿಸಬಹುದು. ದಸರೆಯ ಸೂಟಿಯ ಮೇಲೆ ಬಾರದೆ ಉಳಿಯುವವರು ಹೆಚ್ಚು; ಆದಕಾರಣ ಸೂಟಿ ಮುಗಿಯುವ ಮೊದಲಿನ ವಾರವೇ ಆ ಮನೆಗೆ ಹೋಗುವುದು ಉತ್ತಮ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಕೆಲವು ದಿನ ತಪ್ಪಿಸಿಕೊಂಡ ಹುಡುಗಿಯನ್ನು ಗದರಿಸದೆ, ತಪ್ಪಿದ ಪಾಠಗಳನ್ನು ಸಂಜೆ ಕುಳಿತು ಹೇಳಿಕೊಡಲು ಶಿಕ್ಷಕಿಯರೂ ಸಿದ್ಧರಾಗಿರಬೇಕು. ಹೆಸರು ಕರೆಯುವಾಗ ಉತ್ತರ ಬಾರದಿದ್ದರೂ ಆ ಹೆಸರನ್ನು ಹಾಜರಿ ಪುಸ್ತಕದಿಂದ ಬೇಗ ಹೊಡೆ‌ದುಹಾಕದೆ, ಕಾಯಿದೆ ಒಪ್ಪುವ ಕಡೆಯ ದಿನದ ತನಕ ಮುಂಜಾನೆ ಮುಂಜಾನೆ ಕರೆಯುತ್ತಲೇ ಇರಬೇಕು.